ಅಂಟದ ನಾರು ಹಿಡಿತಕ್ಕೆ ಬಂದ ಕಥೆ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಬಸ್ಸುಗಳು ತಯಾರಾಗುತ್ತವೆ. ಈಗಿನ ಬಸ್ಸುಗಳ ಮುಂದಿನ ಮೂತಿ ಹೆಚ್ಚಾಗಿ ‘ಫೈಬರ್‌’ನದು. ಗಾಜಿನ ನಾರಿನ ಮ್ಯಾಟನ್ನು ಅಚ್ಚಿನಲ್ಲಿ ಹಾಸಿ, ಹಾರ್ಡನರ್ ಬೆರೆಸಿದ ರೆಸಿನ್ ಬಳಿದು, ರೋಲರ್ ಆಡಿಸಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡದ್ದು. ಭಾರ ಹೊರುವುದು ನಾರು. ಆ ಭಾರವನ್ನು ಒಂದು ನಾರಿನಿಂದ ಇನ್ನೊಂದಕ್ಕೆ ದಾಟಿಸುವುದು ರೆಸಿನ್. ಇವೆರಡರ ನಡುವಿನ ಹಿಡಿತ ಸಡಿಲವಾದರೆ ನಾರು ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ.

ಗಾಜಿನ ನಾರೂ ಮೊದಲಿಗೆ ಕಾಟ ಕೊಟ್ಟಿತ್ತು. ತೇವ ಒಳಸೇರಿದರೆ ರೆಸಿನ್ ಬಿಟ್ಟುಕೊಳ್ಳುತ್ತಿತ್ತು. 1940ರ ದಶಕದಲ್ಲಿ ಬಂದ ಸಿಲೇನ್ ಲೇಪ ಅದನ್ನು ನೀಗಿಸಿತು: ಅದರ ಅಣುವಿನ ಒಂದು ತುದಿ ಗಾಜಿಗೆ ಬೆಸೆಯುತ್ತದೆ, ಇನ್ನೊಂದು ರೆಸಿನ್‌ಗೆ.

ಪಾಲಿಥಿನ್ ನಾರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು ಪಾಲಿಥಿನ್. 1970ರ ದಶಕದ ಕೊನೆಗೆ ನೆದರ್ಲೆಂಡ್ಸ್‌ನ ಡಿಎಸ್ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್ಸ್ಟ್ರಾ ಇದರ ಅತಿ ಉದ್ದದ ಅಣುಗಳನ್ನು ದ್ರಾವಣದಲ್ಲಿ ಬಿಡಿಸಿ, ನೂತು, ಎಳೆದರು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕನ್ನು ಮೀರಿಸುವ ನಾರು ಬಂತು. ಆದರೆ ಅದರ ಮೈಯೆಲ್ಲ ಬರೀ ಇಂಗಾಲ, ಜಲಜನಕ. ಕೆಸುವಿನ ಎಲೆಯ ಮೇಲಿನ ನೀರಿನಂತೆ ರೆಸಿನ್ ಹನಿಗಟ್ಟುತ್ತದೆ. ಪಾಲಿಥಿನ್ನಿನ ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 31 ಮಿಲಿನ್ಯೂಟನ್, ಎಪಾಕ್ಸಿ ರೆಸಿನ್ನಿನ ಮೇಲ್ಮೈ ಎಳೆತ 40ರ ಮೇಲೆ. ಹರಡಲು ಮನಸ್ಸಾದರೂ ಹೇಗೆ ಬರಬೇಕು?

ದಾರಿ ಅದಕ್ಕೂ ಮೊದಲೇ ತೆರೆದಿತ್ತು, ಬೇರೆ ಕೆಲಸಕ್ಕಾಗಿ. ಪಾಲಿಥಿನ್ ಹಾಳೆಯ ಮೇಲೆ ಶಾಯಿ ನಿಲ್ಲುತ್ತಿರಲಿಲ್ಲ. 1951ರಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ವರ್ನರ್ ಐಸ್ಬಿ ಹಾಳೆಯ ಮೇಲೆ ವಿದ್ಯುತ್ ಕಿಡಿಗಳನ್ನು ಹಾಯಿಸಿದರು. ಗಾಳಿಯ ಆಮ್ಲಜನಕ ಮೇಲ್ಪದರಕ್ಕೆ ಕೂಡಿಕೊಂಡು ಶಾಯಿ ಕಚ್ಚಿತು. ಇದೇ ಕೊರೋನಾ ಸಂಸ್ಕರಣೆ. ನಾವು ದಿನಾ ಕತ್ತರಿಸುವ ಹಾಲಿನ ಪ್ಯಾಕೆಟ್ಟಿನ ಮೇಲೆ ಬಣ್ಣ ನಿಂತಿರುವುದೂ ಇಂಥ ಉಪಚಾರದಿಂದಲೇ.

ನಾರನ್ನು ಕ್ರೋಮಿಕ್ ಆಮ್ಲದಲ್ಲಿ ಅದ್ದಿಯೂ ನೋಡಿದರು. ಹಿಡಿತ ಬಂತು, ಜೊತೆಗೆ ವಿಷದ ತ್ಯಾಜ್ಯವೂ ಬಂತು. ಕಾಯಿಸಲು ಹೋದರೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಾರು ಕರಗುತ್ತದೆ. ಆಗ ನೆರವಾದದ್ದು ಕೊರೋನಾದ ಬಳಗದ್ದೇ ಆದ ಪ್ಲಾಸ್ಮಾ. ಕಡಿಮೆ ಒತ್ತಡದ ಕೋಣೆಯಲ್ಲಿ ಆಮ್ಲಜನಕ ಅಥವಾ ಅಮೋನಿಯವನ್ನು ವಿದ್ಯುತ್ತಿನಿಂದ ಕೆರಳಿಸಿದರೆ, ನಾರಿನ ಹೊರಚರ್ಮದ ಕೆಲವು ನ್ಯಾನೋಮೀಟರ್ ಮಾತ್ರ ಬದಲಾಗಿ ರೆಸಿನ್‌ಗೆ ಕೈ ಸಿಗುತ್ತದೆ. ಹೊತ್ತು ಹೆಚ್ಚಾದರೆ ನಾರೇ ಸೊರಗುತ್ತದೆ. ನನಗೆ ಈ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಈ ಅಳತೆಯ ಸಂಯಮ.

ಕಾರ್ಬನ್ ನಾರಿನ ಮೈಗೂ ಕಾರ್ಖಾನೆಯಲ್ಲೇ ಆಮ್ಲಜನಕ ಹತ್ತಿಸುತ್ತಾರೆ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ ತೇಜಸ್‌ ವಿಮಾನದ ರೆಕ್ಕೆ ಕಾರ್ಬನ್ ನಾರಿನದು.

ಪ್ಲಾಸ್ಮಾ ಕೊಟ್ಟ ಗುಣ ಶಾಶ್ವತವಲ್ಲ. ಮೇಲ್ಮೈಯ ಅಣುಸರಗಳು ದಿನ ಕಳೆದಂತೆ ಒಳಮುಖವಾಗಿ ಹೊರಳಿ ನಾರು ಹಳೆಯ ಚಾಳಿಗೆ ಮರಳುತ್ತದೆ. ಹಾಗಾಗಿ ಸಂಸ್ಕರಿಸಿದ ನಾರಿಗೆ ಬೇಗ ರೆಸಿನ್ ಕುಡಿಸಬೇಕು. ಹಿಡಿತ ಎಷ್ಟಿದೆಯೆಂದು ತಿಳಿಯಲು ಒಂದೇ ಎಳೆಯ ಮೇಲೆ ರೆಸಿನ್ನಿನ ಪುಟ್ಟ ಹನಿಯನ್ನು ಗಟ್ಟಿಯಾಗಿಸಿ, ಹನಿಯನ್ನು ತಡೆದು ಎಳೆಯನ್ನು ಜಗ್ಗಿ, ಅದು ಕಳಚುವ ಬಲವನ್ನು ಅಳೆಯುತ್ತಾರೆ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಇಲ್ಲಿನ ಫೈಬರ್ ಕೆಲಸಗಾರರ ಜೊತೆ ಕೂತು ಮಾಡಬೇಕೆಂಬುದು ನನ್ನ ಆಸೆ.