ಸಮೋವಾದಿಂದ ಹೈದರಾಬಾದಿಗೆ

ಮಿಷನೆರಿ ಎಂದೊಡನೆ ನಮ್ಮ ಕರಾವಳಿಯವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ನೀಳವಾದ ಗಡ್ಡ, ಕರಿಯ ನಿಲುವಂಗಿ, ಕಂಕುಳಲ್ಲಿ ಬೈಬಲು, ತೊದಲುಗನ್ನಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರಿಂದ ಹಿಡಿದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು, 1894ರಲ್ಲಿ ದೊಡ್ಡ ನಿಘಂಟನ್ನು ನಮ್ಮ ಕೈಗಿತ್ತ ಕಿಟ್ಟೆಲರು, ಎಲ್ಲರೂ ಹಡಗಿನಿಂದ ಇಳಿದು ಬಂದವರೇ. ಹಾಗಿರುವಾಗ, ತಲೆ ನರೆತು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ನಾವಿಬ್ಬರು ಗಂಡಹೆಂಡಿರು ಮುಂಬಯಿಯ ಮನೆಗೆ ಬೀಗ ಹಾಕಿ, ಹೈದರಾಬಾದಿಗೆ ಹೋಗಿ, 18 ತಿಂಗಳು ‘ಮಿಷನೆರಿ’ಗಳಾಗಿದ್ದು ಬಂದೆವೆಂದರೆ ಸಂಘದ ಮಿತ್ರರು ನಕ್ಕುದರಲ್ಲಿ ಆಶ್ಚರ್ಯವೇನಿಲ್ಲ.

ನಗೆ ಮುಗಿದ ಮೇಲೆ ಬಂದ ಪ್ರಶ್ನೆ, ‘ಅಲ್ಲಿ ನೀವು ಮಾಡಿದ್ದಾದರೂ ಏನು?’ ಎಂಬುದು. ಆ ಪ್ರಶ್ನೆಗೆ ಉತ್ತರವಾಗಿ ಈ ನಾಲ್ಕು ಮಾತು. ಮೊದಲೇ ಹೇಳಿಬಿಡುತ್ತೇವೆ: ಈ ಪತ್ರಿಕೆ ಎಲ್ಲ ಮತದ ಕನ್ನಡಿಗರ ಮನೆಗೂ ಹೋಗುವಂಥದು, ಇಲ್ಲಿ ಮತಬೋಧನೆ ನಮ್ಮ ಉದ್ದೇಶವಲ್ಲ. ನಾವು ಹೇಳಹೊರಟಿರುವುದು ಉದ್ಯೋಗಕ್ಕಾಗಿ ಊರು ಬಿಟ್ಟ ಒಂದು ಕುಟುಂಬದ ಕಥೆಯನ್ನು. ಊರು ಬಿಟ್ಟವರಾದ ನಮ್ಮ ವಾಚಕರಿಗೆ ಅದು ಬೇರೆಯವರ ಕಥೆಯಾಗಿ ತೋರಲಾರದು.

ನಮ್ಮ ಸಭೆಯ ಹೆಸರು ಉದ್ದವಾದದ್ದು: ಅಂತ್ಯದಿನಗಳ ಸಂತರ ಯೇಸುಕ್ರಿಸ್ತನ ಸಭೆ. ಲೋಕ ಅದನ್ನು ‘ಮಾರ್ಮನ್’ ಎಂದು ಕರೆಯುವುದು ವಾಡಿಕೆ. 2018ರಲ್ಲಿ ಸಭೆಯ ಹಿರಿಯರು ಆ ಅಡ್ಡಹೆಸರು ಬೇಡ, ಪೂರ್ಣ ಹೆಸರನ್ನೇ ಬಳಸಿರೆಂದು ಕೇಳಿಕೊಂಡರು. ಲೋಕ ಇನ್ನೂ ಒಪ್ಪಿದಂತಿಲ್ಲ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯಲ್ಲಿ ಹುಟ್ಟಿದ ಇದರ ಕೇಂದ್ರ ಈಗ ಸಾಲ್ಟ್ ಲೇಕ್ ಪಟ್ಟಣದಲ್ಲಿದೆ. ಬಾಸೆಲ್ ಮಿಷನ್ನಿನ ಮನೆತನದವರಾದ ನಾವು ಇದಕ್ಕೆ ಸೇರಿದ್ದು ಹೇಗೆಂಬುದು ಬೇರೆಯ ಕಥೆ, ಇನ್ನೊಮ್ಮೆ ನೋಡೋಣ.

ಈ ಸಭೆಯಲ್ಲಿ ಸಂಬಳದ ಬೋಧಕರಿಲ್ಲ. ನಮ್ಮ ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರೆಂದರೆ ನಿಲುವಂಗಿ, ಶಿಲುಬೆ, ದಂಡ ಎಲ್ಲ ಉಂಟಷ್ಟೆ. ಇಲ್ಲಿ ಬಿಷಪ್ಪರೆಂದರೆ ವಾರವೆಲ್ಲ ಕಛೇರಿಯಲ್ಲಿ ದುಡಿದು, ಭಾನುವಾರ ಕೊರಳಿಗೆ ಟೈ ಕಟ್ಟಿ ಬಂದು, ಆರಾಧನೆ ಮುಗಿದ ಮೇಲೆ ತಾವೇ ಕುರ್ಚಿ ಮಡಚಿಡುವ ಗೃಹಸ್ಥರು. ಉಪದೇಶ ಮಾಡುವುದೂ ಸದಸ್ಯರ ಸರದಿಯೇ, ಹೆಂಗಸರಿಗೂ ಮಕ್ಕಳಿಗೂ ಸರದಿ ಬರುತ್ತದೆ. ಮಿಷನೆರಿಗಳಾಗಿ ಹೊರಡುವ 18 ವರ್ಷದ ಹುಡುಗನಿಗೆ ‘ಎಲ್ಡರ್’, ಅಂದರೆ ಹಿರಿಯ, ಎಂಬ ಬಿರುದು! ನಮ್ಮಂಥ ನಿವೃತ್ತ ದಂಪತಿಗಳನ್ನು ‘ಸೀನಿಯರ್ ಮಿಷನೆರಿ’ಗಳೆನ್ನುತ್ತಾರೆ. ಖರ್ಚು ನಮ್ಮದೇ. ಮನೆಮನೆ ಬಾಗಿಲು ತಟ್ಟುವ ಕೆಲಸ ಹುಡುಗರದು. ನಮಗೆ ಬಂದದ್ದು ಕಾಯಿಲೆಯವರನ್ನು ನೋಡಿಬರುವುದು, ಹೊಸ ಗುಮಾಸ್ತನಿಗೆ ದಾಖಲೆ ಬರೆಯುವ ಕ್ರಮ ತೋರಿಸುವುದು, ಮನೆಯಿಂದ ದೂರವಾದ ಹುಡುಗರಿಗೆ ಭಾನುವಾರ ಸಾರು ಅನ್ನ ಬಡಿಸುವುದು. ಅದರ ವಿವರ ಇಲ್ಲಿ ಬೇಡ.

ಕಾಫಿಯ ವಿಚಾರ ಮಾತ್ರ ಹೇಳಲೇಬೇಕು. ಈ ಸಭೆಯವರು ಮದ್ಯ, ಹೊಗೆಸೊಪ್ಪು, ಕಾಫಿ, ಚಹಾ ಮುಟ್ಟುವುದಿಲ್ಲ. ಇದು 1833ರಿಂದ ನಡೆದುಬಂದ ಉಪದೇಶ. ಮೊದಲಿನೆರಡನ್ನು ಎಂದೂ ಮುಟ್ಟದವರಿಗೆ ಅವನ್ನು ಬಿಡುವುದು ಕಷ್ಟವಲ್ಲ. ಆದರೆ ಬೆಳಗಿನ ಫಿಲ್ಟರ್ ಕಾಫಿ? ಅದೂ ಹೈದರಾಬಾದಿನಲ್ಲಿ, ಇರಾನಿ ಹೋಟೆಲುಗಳಿಂದ ಕುದಿಯುವ ಚಹದ ಪರಿಮಳ ಬೀದಿಗೆ ಹರಿದು ಬರುವಾಗ, ಉಸ್ಮಾನಿಯಾ ಬಿಸ್ಕತ್ತು ಒಂದನ್ನೇ ಒಣಗಲು ತಿನ್ನುವುದೆಂದರೆ! ನಮ್ಮನ್ನು ಕಾಪಾಡಿದ್ದು ಊರಿನ ಕೊತ್ತಂಬರಿ ಜೀರಿಗೆ ಕಷಾಯ. ಅದನ್ನು ಕುದಿಸುವ ಕ್ರಮ ಈಗ ಅಲ್ಲಿನ ನಾಲ್ಕಾರು ಮನೆಗಳಿಗೆ ಗೊತ್ತು. ನಮ್ಮ ಸೇವೆಯಲ್ಲಿ ಕಣ್ಣಿಗೆ ಕಾಣುವ ಫಲ ಇದೊಂದೇ ಎಂದು ನಮ್ಮಿಬ್ಬರಲ್ಲಿ ಒಬ್ಬರ ಅಭಿಪ್ರಾಯ.

ಇರಲಿ. ದಾಖಲೆಯ ಕೆಲಸ ಮಾಡುತ್ತಿದ್ದಾಗ ನಮಗೊಂದು ಕುತೂಹಲ ಹುಟ್ಟಿತು: ಈ ಸಭೆ ಹೈದರಾಬಾದಿಗೆ ಬಂದದ್ದು ಹೇಗೆ? ನಮ್ಮ ಬಾಸೆಲ್ ಮಿಷನ್ನಿನ ಚರಿತ್ರೆ ಬೇಕಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕಾಗದ, ವರದಿ, ಛಾಯಾಚಿತ್ರಗಳು ಕಪಾಟು ಕಪಾಟಾಗಿ ಕುಳಿತಿವೆ. ದೊರೆಗಳು ಬರೆದರು, ದೊರೆಗಳೇ ಕಾದಿಟ್ಟರು. ನಮ್ಮ ಅಜ್ಜಂದಿರ ಹೆಸರು ತಿಳಿಯಬೇಕಾದರೂ ಜರ್ಮನ್ ಓದಬಲ್ಲವರನ್ನು ಹುಡುಕಬೇಕು. ಹೈದರಾಬಾದಿನಲ್ಲಿ ಹಾಗಲ್ಲ. ಇಲ್ಲಿ ಮೊದಲು ಬಂದ ಮಿಷನೆರಿಗಳು ತೆಲುಗರು. ಅವರೂ ಗಂಡಹೆಂಡಿರೇ.

ಎಡ್ವಿನ್ ಧರ್ಮರಾಜು ಎಂಬವರು ಕೀಟಶಾಸ್ತ್ರಜ್ಞರು. ಉದ್ಯೋಗದ ನಿಮಿತ್ತ ಹೆಂಡತಿ ಎಲ್ಸಿಯವರೊಡನೆ ಅವರು ಸಮೋವಾಕ್ಕೆ ಹೋದರು. ಸಮೋವಾ ಎಂದರೆ ಶಾಂತಸಾಗರದ ನಟ್ಟನಡುವೆ, ಹವಾಯಿಗೂ ನ್ಯೂಜಿಲೆಂಡಿಗೂ ಮಧ್ಯದಲ್ಲಿರುವ ದ್ವೀಪಗಳು. 1962ರಲ್ಲಿ ಸ್ವತಂತ್ರವಾದ ಆ ನಾಡನ್ನು ಆಗ ಪಶ್ಚಿಮ ಸಮೋವಾ ಎನ್ನುತ್ತಿದ್ದರು. ಅಲ್ಲಿ ಈ ಸಭೆ 1888ರಿಂದಲೂ ಬೇರೂರಿತ್ತು. ಧರ್ಮರಾಜು ದಂಪತಿಗಳು 1970ರ ದಶಕದಲ್ಲಿ ಅಲ್ಲಿಯೇ ಅದಕ್ಕೆ ಸೇರಿದರು. ಅಮೆರಿಕದ ಒಂದು ಸಭೆ ಸಾಗರದ ದ್ವೀಪಗಳಿಗೆ ಹೋಗುವುದು, ಅಲ್ಲಿಗೆ ಕೆಲಸಕ್ಕೆ ಬಂದ ತೆಲುಗರು ಅದನ್ನು ಕಾಣುವುದು, ಅವರಿಂದ ಅದು ದಖ್ಖಣದ ಕಲ್ಲುನಾಡಿಗೆ ಬರುವುದು: ಎಲ್ಲಿಂದೆಲ್ಲಿಯ ದಾರಿ!

ಹೊಸದೊಂದು ಸಂಗತಿ ಮನಸ್ಸಿಗೆ ಹಿಡಿಸಿದಾಗ ಪರದೇಶದಲ್ಲಿರುವವರು ಮೊದಲು ನೆನೆಯುವುದು ಯಾರನ್ನು? ಊರಿನಲ್ಲಿರುವ ತಂದೆತಾಯಿ, ಅಕ್ಕತಂಗಿ, ಅಣ್ಣತಮ್ಮಂದಿರನ್ನು. 1978ರ ಡಿಸೆಂಬರಿನಲ್ಲಿ ಸಭೆಯವರು ಈ ದಂಪತಿಗಳನ್ನೇ ಅಲ್ಪಕಾಲದ ಮಿಷನೆರಿಗಳಾಗಿ ನೇಮಿಸಿ ಹೈದರಾಬಾದಿಗೆ ಕಳುಹಿಸಿದರು. ಆ ಭೇಟಿಯಲ್ಲಿ 22 ಮಂದಿ ದೀಕ್ಷಾಸ್ನಾನ ಪಡೆದರು. ಹೆಚ್ಚಿನವರು ಮನೆಯ ನಂಟರೇ. ಹೈದರಾಬಾದಿನ ಸಭೆಗೆ ಅದೇ ಮೊದಲು.

ವಿದೇಶದಿಂದ ಮಗಳು ಅಳಿಯ ಬರುತ್ತಾರೆಂದರೆ ಆ ಕಾಲಕ್ಕೆ ಮನೆಯವರು ಎದುರುನೋಡುತ್ತಿದ್ದುದು ಟ್ರಾನ್ಸಿಸ್ಟರು, ನೈಲಾನ್ ಸೀರೆ, ಗಡಿಯಾರ. ಈ ಮಗಳು ತಂದದ್ದು ಒಂದು ಪುಸ್ತಕ ಮತ್ತು ಒಂದು ನಂಬಿಕೆ. ಅದು ಸುಲಭದ ಉಡುಗೊರೆಯಲ್ಲ. ಯಾಕೆಂದರೆ ಎಲ್ಸಿಯವರ ತಂದೆ ಪಿ. ಶ್ರೀನಿವಾಸಂ ಬ್ಯಾಪ್ಟಿಸ್ಟ್ ಸಭೆಯ ಬೋಧಕರು.

ತೆಲುಗು ಬ್ಯಾಪ್ಟಿಸ್ಟರ ಸಭೆಯೆಂದರೆ ನಿನ್ನೆ ಮೊನ್ನೆಯದಲ್ಲ. ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಅಮೆರಿಕನ್ ಮಿಷನೆರಿ ಇದ್ದರು. 1876-78ರ ಘೋರ ಕ್ಷಾಮದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು; ಅನ್ನದಾಸೆಗೆ ಮತಕ್ಕೆ ಸೇರಿದರೆಂಬ ಮಾತು ಬಾರದಿರಲೆಂದು ಕ್ಷಾಮ ಮುಗಿಯುವವರೆಗೆ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಬಳಿಕ 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಸರಿಯಾಗಿ ನೂರು ವರ್ಷಗಳ ತರುವಾಯ ಹೈದರಾಬಾದಿನಲ್ಲಿ 22 ಮಂದಿ! ಅಂಕೆಗಳ ಈ ಆಟವನ್ನು ಕಂಡು ನಾವು ಬೆರಗಾದೆವು. ಇದಕ್ಕೆ ವಿಶೇಷ ಅರ್ಥ ಹಚ್ಚುವುದು ಬೇಡ. ಆದರೂ ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟುಕೊಂಡೆವು.

ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷೆ ಕೊಡುವ ಕ್ರಮ ಬ್ಯಾಪ್ಟಿಸ್ಟರಲ್ಲೂ ಉಂಟು, ಈ ಸಭೆಯಲ್ಲೂ ಉಂಟು. ಆದುದರಿಂದ ನೋಡುವವರಿಗೆ ಆಚರಣೆ ಹೊಸದಾಗಿ ಕಾಣದು. ನೋವು ಇರುವುದು ಬೇರೆ ಕಡೆ. ಒಮ್ಮೆ ದೀಕ್ಷೆ ಪಡೆದವರು ಇನ್ನೊಮ್ಮೆ ನೀರಿಗಿಳಿದರೆ, ಮೊದಲಿನದು ಸಾಲದೆಂದು ಹೇಳಿದಂತೆ ಆಗುತ್ತದಲ್ಲ! ನಮ್ಮ ಕ್ರೈಸ್ತರಲ್ಲಿ ಸಭೆಯನ್ನು ಬಿಡುವುದೆಂದರೆ ಭಾನುವಾರದ ಬೆಂಚನ್ನು ಬಿಟ್ಟಂತೆ ಅಲ್ಲ. ಮಗಳ ಮದುವೆ ಎಲ್ಲಿ, ಯಾರು ನಡೆಸುವರು, ಸತ್ತರೆ ಯಾವ ಸಭೆಯ ಸ್ಮಶಾನದಲ್ಲಿ ಜಾಗ, ಅಪ್ಪ ಅಮ್ಮನ ಮಗ್ಗುಲಲ್ಲಿ ಮಲಗಲು ಬಿಡುವರೇ, ಇವೆಲ್ಲ ಎದ್ದು ನಿಲ್ಲುತ್ತವೆ. ನಾವೂ ಒಂದು ಸಭೆ ಬಿಟ್ಟು ಇನ್ನೊಂದಕ್ಕೆ ಬಂದವರು. ಈ ಮಾತು ನಮಗೆ ಪುಸ್ತಕದಿಂದ ತಿಳಿದದ್ದಲ್ಲ.

ಹಳಬರಾದ ಒಬ್ಬ ತಾಯಿ ನಮಗೆ ಹೇಳಿದ್ದು ಇನ್ನೂ ಸೂಕ್ಷ್ಮ. ದೇವರು ಹೀಗೆ, ಗ್ರಂಥ ಹಾಗೆ ಎಂಬ ವಾದವನ್ನು ನಂಟರು ಬೇಗ ಮರೆತರಂತೆ. ಆದರೆ ಅವರ ಮನೆಗೆ ಹೋದಾಗ ಕಾಫಿಯ ಲೋಟವನ್ನು ‘ಬೇಡ’ ಎಂದು ಸರಿಸಿದ್ದನ್ನು ಮರೆಯಲಿಲ್ಲವಂತೆ. “ನಮ್ಮ ಮನೆಯ ಕಾಫಿ ಕುಡಿಯದಷ್ಟು ದೊಡ್ಡವರಾದಿರಾ ಎಂದು ವದಿನೆ ಕೇಳಿದಳು. ಆರು ತಿಂಗಳು ಮಾತಿಲ್ಲ. ಆಮೇಲೆ ಅವಳೇ ಒಂದು ದಿನ ಲೋಟದ ತುಂಬ ಹಾಲು ತಂದಿಟ್ಟಳು, ಅಮ್ಮ” ಎಂದು ಆ ತಾಯಿ ಕಣ್ಣೊರಸಿಕೊಂಡು ನಕ್ಕರು. ಈ ಸಂಗತಿ ಯಾವ ಕಛೇರಿಯ ವರದಿಯಲ್ಲಿ ಬಂದೀತು? ನಮ್ಮ ನೋಟುಪುಸ್ತಕದಲ್ಲಿ ಬಂದಿದೆ.

ಇಷ್ಟೆಲ್ಲ ಇದ್ದಾಗ್ಯೂ ಬೋಧಕರಾದ ತಂದೆ ಮಗಳ ಪುಸ್ತಕವನ್ನು ಮುಚ್ಚಿಡಲಿಲ್ಲ. ಸಭೆಯವರ ಕೋರಿಕೆಯ ಮೇರೆಗೆ ಮಾರ್ಮನ್ ಗ್ರಂಥವನ್ನು ತೆಲುಗಿಗೆ ತರುವ ಕೆಲಸವನ್ನು ಶ್ರೀನಿವಾಸಂ ಅವರೇ ಕೈಗೆತ್ತಿಕೊಂಡರು. 1982ರಲ್ಲಿ ಆ ಗ್ರಂಥದ ಆಯ್ದ ಭಾಗಗಳು ತೆಲುಗಿನಲ್ಲಿ ಅಚ್ಚಾದುವು. ಜೀವಮಾನವೆಲ್ಲ ಬೈಬಲಿನ ತೆಲುಗನ್ನು ನುಡಿದ ನಾಲಗೆಯದು; ಹೊಸ ಗ್ರಂಥಕ್ಕೆ ಹಳೆಯ ಬೋಧಕರ ಭಾಷೆ ಸಿಕ್ಕಿತು. ಇಡೀ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಇದೇ. ಕಿಟ್ಟೆಲರು ದೂರದಿಂದ ಬಂದು ನಮ್ಮ ಭಾಷೆ ಕಲಿತರು, ಅದು ದೊಡ್ಡದೇ. ಮಗಳ ಮಾತಿಗೆ ಕಿವಿಗೊಟ್ಟು ವೃದ್ಧ ತಂದೆ ಲೇಖನಿ ಹಿಡಿಯುವುದು ಅದಕ್ಕೆ ಕಡಮೆಯೆಂದು ನಮಗೆ ತೋರುವುದಿಲ್ಲ.

ಹಾಗೆಂದು ಈ ಸಭೆ ಭಾರತಕ್ಕೆ ಬಂದದ್ದು ಇದೇ ಮೊದಲ ಸಲವಲ್ಲ. 1851ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ದೀಕ್ಷೆಗಳಾಗಿದ್ದುವು. ಮುಂದೆ ಮುಂಬಯಿಗೂ ಮದರಾಸಿಗೂ ಮಿಷನೆರಿಗಳು ಬಂದರು. ಅವರು ಹೆಚ್ಚಾಗಿ ತಿರುಗಿದ್ದು ಇಂಗ್ಲಿಷರ ದಂಡುಗಳ ಸುತ್ತ. 1856ರ ಹೊತ್ತಿಗೆ ಎಲ್ಲರೂ ಹಿಂತಿರುಗಿದ್ದರು. 1960ರ ದಶಕದಲ್ಲಿ ಕೊಯಮತ್ತೂರಿನ ಕಡೆ ಪೌಲ್ ತಿರುತುವದಾಸ್ ಎಂಬವರಿಂದ ಮತ್ತೆ ಚಿಗುರಿತು. ಹೈದರಾಬಾದಿನ ಗುಂಪು ಉಳಿದು ಬೆಳೆಯಿತು. ಅದಕ್ಕೆ ಕಾರಣ ಭಾಷಣಗಳಿಗಿಂತ ನಂಟಸ್ತಿಕೆಯೆಂದೇ ನಮ್ಮ ಎಣಿಕೆ. ಹಡಗಿನಲ್ಲಿ ಬಂದವರು ಹಡಗಿನಲ್ಲೇ ಹೋಗಬಹುದು. ಅಕ್ಕನ ಮನೆ, ತಮ್ಮನ ಮನೆ ಎಲ್ಲಿಗೆ ಹೋದಾವು?

ಮುಂದಿನದನ್ನು ಬೇಗ ಹೇಳಿಬಿಡಬಹುದು. 1993ರಲ್ಲಿ ಬೆಂಗಳೂರು ಕೇಂದ್ರವಾಗಿ ಭಾರತದ ಮಿಷನ್ ಏರ್ಪಟ್ಟಿತು. ಅದರ ಮೊದಲ ಅಧ್ಯಕ್ಷರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗುರುಚರಣ್ ಸಿಂಗ್ ಗಿಲ್. ಅವರೂ ಊರು ಬಿಟ್ಟು ಮರಳಿ ಬಂದವರೇ, ನೋಡಿ. 2012ರ ಮೇ 27ರಂದು ಭಾರತದ ಮೊತ್ತಮೊದಲ ‘ಸ್ಟೇಕ್’ ಹೈದರಾಬಾದಿನಲ್ಲಿ ಆಯಿತು. ಸ್ಟೇಕ್ ಎಂದರೆ ಹಲವು ಸ್ಥಳೀಯ ಸಭೆಗಳು ಸೇರಿ, ತಮ್ಮವರ ಮುಂದಾಳುತನದಲ್ಲಿ ನಡೆಯುವ ಜಿಲ್ಲೆಯಂಥದು. ಬೆಂಗಳೂರಿಗೊಂದು ದೇವಾಲಯವೆಂದು 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆ ನಡೆಯಿತು. (ಗುದ್ದಲಿಪೂಜೆಯೆಂದರೆ ನಮ್ಮ ಸಭೆಯ ಹಿರಿಯರು ಹುಬ್ಬೇರಿಸಿಯಾರು, ಕನ್ನಡದಲ್ಲಿ ಬೇರೆ ಮಾತು ಸಿಗಲಿಲ್ಲ.)

ಈ ತೇದಿಗಳೆಲ್ಲ ಅಚ್ಚಿನಲ್ಲಿವೆ, ಕಳೆದುಹೋಗಲಾರವು. ಕಳೆದುಹೋಗುವಂಥದು ಬೇರೆ. ಮೊದಮೊದಲ ಭಾನುವಾರ ಯಾರ ಮನೆಯಲ್ಲಿ ಚಾಪೆ ಹಾಸಿದರು? ಯಾರು ರೊಟ್ಟಿ ಮುರಿದರು? ಹಾಡುಗಳಿಗೆ ರಾಗ ಯಾರದು? ನಾವು ಕೇಳಿದ ಮೂವರು ಮೂರು ಮನೆಗಳ ಹೆಸರು ಹೇಳಿದರು. ಮೂವರಿಗೂ ತಮ್ಮದೇ ಸರಿಯೆಂಬ ಹಟ. ಮೂರನ್ನೂ ಬರೆದುಕೊಂಡೆವು. 1978ರಲ್ಲಿ ಇಪ್ಪತ್ತರ ಪ್ರಾಯದವರಾಗಿದ್ದವರಿಗೆ ಈಗ ಎಷ್ಟು ವಯಸ್ಸೆಂದು ವಾಚಕರೇ ಲೆಕ್ಕ ಹಾಕಬಹುದು. ನಾವು ಅಲ್ಲಿದ್ದಾಗಲೇ, ಬರುವ ಗುರುವಾರ ಬನ್ನಿ ಎಂದಿದ್ದ ಹಿರಿಯರೊಬ್ಬರು ಬುಧವಾರ ತೀರಿಕೊಂಡರು. ಅವರ ಪುಟ ನಮ್ಮ ಪುಸ್ತಕದಲ್ಲಿ ಹೆಸರಷ್ಟೇ ಬರೆದು ಬರಿದಾಗಿದೆ.

ವಿಚಿತ್ರವೆಂದರೆ, ವಂಶಾವಳಿಯ ವಿಷಯದಲ್ಲಿ ಈ ಸಭೆಯವರಷ್ಟು ಆಸ್ಥೆಯುಳ್ಳವರು ಲೋಕದಲ್ಲೇ ಕಡಮೆ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನಗಳನ್ನು ತಲೆಮಾರುಗಟ್ಟಲೆ ಬರೆದಿಟ್ಟ ಬಹಿಗಳ ಚಿತ್ರಗಳನ್ನು ಕೂಡ ಇವರ ಸಂಸ್ಥೆ ತೆಗೆಸಿ ಕಾದಿರಿಸಿದೆ. ಅಂಥವರ ಮನೆಯಲ್ಲೇ ನಿನ್ನೆಯ ಮಾತು ಬರೆಯುವವರಿಲ್ಲದೆ ಹೋಗಬಹುದಾದರೆ, ನಮ್ಮ ಕನ್ನಡ ಸಂಘಗಳ ಪಾಡೇನು? ಬೀದರ, ಗುಲಬರ್ಗಾ, ರಾಯಚೂರುಗಳು 1956ರವರೆಗೂ ಹೈದರಾಬಾದಿಗೇ ಸೇರಿದ್ದುವು. ಓದಿಗೂ ನೌಕರಿಗೂ ಅಲ್ಲಿಗೆ ಹೋಗಿ ನೆಲೆನಿಂತ ಕನ್ನಡಿಗರು ಎಷ್ಟೋ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಮೆಟ್ಟಿಲೇರುವಾಗಲೂ ನಮಗೆ ಅದೇ ಪ್ರಶ್ನೆ ಬಂತು: ಇಲ್ಲಿ ಮೊದಲು ಚಾಪೆ ಹಾಸಿದವರಾರು?

ಹೊರಡುವ ವಾರ ಆ ಹಾಲಿನ ಲೋಟದ ತಾಯಿ ಟ್ರಂಕಿನ ತಳದಿಂದ ಒಂದು ಮಾಸಿದ ಫೋಟೋ ತೆಗೆದರು. ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತವರು, ಹಿಂದೆ ನಿಂತವರು, ಮುಂದೆ ನೆಲದ ಮೇಲೆ ಮಕ್ಕಳು. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ. ನಾವು ಪೆನ್ಸಿಲು ಕೊಟ್ಟೆವು. ಆಕೆ ಕನ್ನಡಕ ಏರಿಸಿ, ತೆಲುಗಿನಲ್ಲಿ, ಎಡದಿಂದ ಬಲಕ್ಕೆ 13 ಹೆಸರು ಬರೆದರು, ಹದಿನಾಲ್ಕನೆಯದು ನೆನಪಾಗಲಿಲ್ಲ. “ವದಿನೆಗೆ ಗೊತ್ತಿರುತ್ತದೆ, ಕೇಳಿ ಹೇಳುತ್ತೇನೆ” ಎಂದರು. ಮಾರನೆಯ ಬೆಳಿಗ್ಗೆ, ನಾವು ಕಷಾಯಕ್ಕೆ ನೀರಿಟ್ಟಿದ್ದಾಗ, ಫೋನು ಬಂತು.