ಸುಣ್ಣದ ಗೂಡಿನಲ್ಲಿ ಮುಕ್ತಶಕ್ತಿ

ರಾಸಾಯನಿಕ ಕ್ರಿಯೆಯೊಂದು ತಾನಾಗಿ ನಡೆದೀತೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಹೇಗೆ? ಉಷ್ಣವನ್ನು ಹೊರಸೂಸುವ ಕ್ರಿಯೆಗಳೇ ತಾವಾಗಿ ನಡೆಯುತ್ತವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬರ್ತೆಲೋ ಅವರು ಭಾವಿಸಿದ್ದರು. ಆದರೆ ಮಂಜುಗಡ್ಡೆಯು ಉಷ್ಣವನ್ನು ಹೀರಿಯೇ ಕರಗುತ್ತದಲ್ಲವೇ? ಈ ಒಗಟನ್ನು ಬಿಡಿಸಿದವರು ಅಮೆರಿಕದ ವಿಲ್ಲರ್ಡ್ ಗಿಬ್ಸ್ (1839–1903).

ಸ್ಥಿರ ಒತ್ತಡದಲ್ಲಿ ಕ್ರಿಯೆಯು ಹೀರುವ ಅಥವಾ ಬಿಡುವ ಉಷ್ಣವೇ ಎಂಥಾಲ್ಪಿಯ ವ್ಯತ್ಯಾಸ. ಶಕ್ತಿಯೂ ಕಣಗಳೂ ಎಷ್ಟು ಬಗೆಯಲ್ಲಿ ಹರಡಿಕೊಳ್ಳಬಲ್ಲವೆಂಬುದರ ಅಳತೆಯೇ ಎಂಟ್ರೊಪಿ. ಇದರ ವ್ಯತ್ಯಾಸವನ್ನು ನಿರಪೇಕ್ಷ ತಾಪದಿಂದ ಗುಣಿಸಿ, ಎಂಥಾಲ್ಪಿಯ ವ್ಯತ್ಯಾಸದಿಂದ ಕಳೆದರೆ ದೊರೆಯುವುದು ಮುಕ್ತಶಕ್ತಿಯ ವ್ಯತ್ಯಾಸ. ತಾಪವೂ ಒತ್ತಡವೂ ಸ್ಥಿರವಾಗಿದ್ದಾಗ ಅದು ಋಣಸಂಖ್ಯೆಯಾದರೆ ಕ್ರಿಯೆ ತಾನಾಗಿ ಮುಂದುವರಿಯುತ್ತದೆ.

ಸುಣ್ಣದ ಗೂಡನ್ನು ನೋಡೋಣ. ನೂರು ಗ್ರಾಂ ಸುಣ್ಣಕಲ್ಲು ಒಡೆದು ಸುಟ್ಟಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗಲು ಸುಮಾರು 178 ಕಿಲೋಜೂಲ್ ಉಷ್ಣ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟ್ರೊಪಿಯ ಪಾಲು ಸುಮಾರು 48 ಮಾತ್ರ. ಉಳಿದ 130 ಧನಸಂಖ್ಯೆಯಾದುದರಿಂದ ಕಲ್ಲು ಕಲ್ಲಾಗಿಯೇ ಇರುತ್ತದೆ. ತಾಪ 900 ಡಿಗ್ರಿಯನ್ನು ಮುಟ್ಟಿದಾಗ ಎಂಟ್ರೊಪಿಯ ಪಾಲು ಎಂಥಾಲ್ಪಿಯನ್ನು ಮೀರುತ್ತದೆ. ಅನಿಲ ಹೊರಬಿದ್ದು ಕಲ್ಲು ಸುಣ್ಣವಾಗುತ್ತದೆ.

ಆ ಸುಣ್ಣವನ್ನು ನೀರೆರೆದು ಅರಳಿಸಿ ಗೋಡೆಗೆ ಬಳಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುತ್ತದೆ. ಮುಕ್ತಶಕ್ತಿಯು ಕ್ರಿಯೆಯ ದಿಕ್ಕನ್ನು ಮಾತ್ರ ತಿಳಿಸುತ್ತದೆ; ಎಷ್ಟು ಕಾಲ ಹಿಡಿದೀತೆಂಬುದು ಬೇರೆಯೇ ಲೆಕ್ಕ. ಸೂತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಸುಣ್ಣ ಬಳಿದ ಹಳೆಯ ಗೋಡೆಯೊಂದನ್ನು ಮುಟ್ಟಿ ನೋಡಲಿ. ಅರ್ಥ ಅಲ್ಲಿ ಗಟ್ಟಿಯಾಗಿ ನಿಂತಿದೆ.