ಬಿಳಿ ಕೋಟಿನ ಮಕ್ಕಳ ನಿದ್ದೆಯ ಬಾಕಿ

ಮುಂಬಯಿ: ಸಂಘದ ವಾರ್ಷಿಕೋತ್ಸವದ ಪ್ರತಿಭಾ ಪುರಸ್ಕಾರದಲ್ಲಿ ಎಂಬಿಬಿಎಸ್ ಸೀಟು ಪಡೆದವರಿಗೆ ಬೀಳುವ ಚಪ್ಪಾಳೆಯೇ ಬೇರೆ. ಶಾಲು ಹೊದಿಸಿ ಕಳುಹಿಸಿದ ಬಳಿಕ, ಮುಂದಿನ ಐದೂವರೆ ವರ್ಷ ಆ ಮಕ್ಕಳು ದಿನಕ್ಕೆ ಎಷ್ಟು ಗಂಟೆ ಮಲಗುತ್ತಾರೆಂದು ವಿಚಾರಿಸುವವರು ಕಡಿಮೆ.

ಡೊಂಬಿವಲಿಯಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ಹೋಗಿ ಬರುವುದರಲ್ಲೇ ಎರಡು-ಮೂರು ಗಂಟೆ ಕಳೆಯುತ್ತದೆ. ವನ್ ರೂಮ್ ಕಿಚನ್ ಮನೆಯಲ್ಲಿ ಅನಾಟಮಿ ಪುಸ್ತಕ ತೆರೆಯುವುದು ಟಿವಿ ಆರಿದ ಮೇಲೆಯೇ. ಕಣ್ಣು ಮುಚ್ಚದಿರಲೆಂದು ತಾಯಿ ಫ್ಲಾಸ್ಕಿನಲ್ಲಿ ಕಾಫಿ ತುಂಬಿಡುತ್ತಾರೆ. ಪ್ರೀತಿಯೇನೋ ಹೌದು. ಆದರೆ ಕುಡಿದ ಕೆಫೀನಿನ ಸುಮಾರು ಅರ್ಧ ಭಾಗ ಐದು ಗಂಟೆ ಕಳೆದರೂ ಶರೀರದಲ್ಲಿ ಉಳಿದಿರುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ರಾತ್ರಿಯಿಡೀ ಓದಿದವರು ಆ ಲಾಭವನ್ನೇ ಕಳೆದುಕೊಳ್ಳುತ್ತಾರೆ.

ಇಂಟರ್ನ್‌ಶಿಪ್‌ನಲ್ಲಿ ರಾತ್ರಿ ಪಾಳಿ ಶುರುವಾದರೆ ವಿಷಯ ಇನ್ನೂ ಗಂಭೀರ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ವಾಹನ ಚಾಲಕರಿಗಿರುವ ಮಿತಿ ಶೇ. 0.03! ಬ್ಯಾಂಕ್ ಕೌಂಟರಿನಲ್ಲಿ ನಿದ್ದೆಗಣ್ಣಿನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ ಸಂಜೆ ಲೆಕ್ಕ ತಾಳೆ ನೋಡುವಾಗ ಸಿಗುತ್ತದೆ. ಇಂಜೆಕ್ಷನ್ ಪ್ರಮಾಣದಲ್ಲಿ ದಶಾಂಶ ಬಿಂದು ತಪ್ಪಿದರೆ ಸಂಜೆಯ ತನಕ ಕಾಯಲು ಆಗುವುದಿಲ್ಲ.

ರೆಸಿಡೆಂಟ್ ವೈದ್ಯರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲೇ ಸೂಚಿಸಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ, ಒಂದು ದಿನ ರಜೆ, ನಿತ್ಯ 7-8 ಗಂಟೆ ನಿದ್ದೆ ಬೇಕೆಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ನಂತರವೂ ಅದನ್ನೇ ಮತ್ತೆ ಹೇಳಬೇಕಾಯಿತೆಂದರೆ ವಾರ್ಡಿನ ಪರಿಸ್ಥಿತಿ ಊಹಿಸಬಹುದು.

ವಾರಗಟ್ಟಲೆ ನಿದ್ದೆ ಬಾರದಿದ್ದರೂ ಈ ಮಕ್ಕಳು ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ವೈದ್ಯರಾಗುವವರೇ ವೈದ್ಯರ ಬಳಿ ಹೋಗುವುದೇ ಎಂಬ ಸಂಕೋಚ. ತಾವೇ ಮಾತ್ರೆ ತೆಗೆದುಕೊಳ್ಳುವುದಕ್ಕಿಂತ ಕಾಲೇಜಿನ ಮನೋವೈದ್ಯರನ್ನು ಕಾಣುವುದು ಎಷ್ಟೋ ಲೇಸು.

ಆಸ್ಪತ್ರೆಯ ಪಾಳಿ ಬದಲಿಸುವುದು ಹೆತ್ತವರ ಕೈಯಲ್ಲಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದಾಗ ಕಿಟಕಿಗೆ ದಪ್ಪ ಪರದೆ ಎಳೆಯಬಹುದು, ಟಿವಿ, ಮಿಕ್ಸಿ ನಿಲ್ಲಿಸಬಹುದು. ಭಾನುವಾರದ ಸತ್ಯನಾರಾಯಣ ಪೂಜೆಗೆ ಬಂದ ನೆಂಟರ ಮುಂದೆ 'ನಮ್ಮ ಡಾಕ್ಟರ್' ಎಂದು ಎಬ್ಬಿಸಿ ತರುವ ಆಸೆ ಸಹಜವೇ. ಪ್ರಸಾದವನ್ನು ಸಂಜೆ ಎದ್ದ ಮೇಲೆ ಕೊಟ್ಟರೂ ನಡೆಯುತ್ತದೆ.